ಮರದ ಹೆಸರು ಗೊತ್ತಿಲ್ಲದೆ ಮಳೆಕಾಡಿನ ಅಧ್ಯಯನ ಮಾಡಬಹುದೇ?

ಹೊಸಚಿಗುರು:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಮುಗಿಸಿ ಉಷ್ಣವಲಯದ ಮಳೆಕಾಡಿನ ಮೇಲೆ ಸಂಶೋಧನೆ ಮಾಡಬೇಕು ಅಂದುಕೊಂಡಿದ್ದೇನೆ. ಒಂದು ಗೊಂದಲ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕಾಡಿನ ಪರಿಸರ ವಿಜ್ಞಾನದ ಲೇಖನ ತೆಗೆದರೆ ಇಂಗಾಲ, ಬೆಳವಣಿಗೆ, ಬರಗಾಲ ಇವುಗಳದ್ದೇ ಲೆಕ್ಕ. ಸಸ್ಯ ವರ್ಗೀಕರಣದ ಪುಸ್ತಕ ತೆಗೆದರೆ ಒಣಗಿಸಿದ ಕೊಂಬೆ, ಲ್ಯಾಟಿನ್ ಹೆಸರು, ಹೂವಿನ ಭಾಗಗಳ ವಿವರ. ಎರಡೂ ಬೇರೆ ಬೇರೆ ಲೋಕದ ಹಾಗೆ ಕಾಣುತ್ತವೆ. ಪ್ರತಿ ಗಿಡದ ಹೆಸರು ಹುಡುಕುತ್ತಾ ವರ್ಷಗಟ್ಟಲೆ ಕಳೆಯುವ ಬದಲು ಮರದ ದಪ್ಪ, ಎತ್ತರ ಅಳೆದರೆ ಸಾಲದೇ? ವರ್ಗೀಕರಣ ಕಲಿಯಲು ಸಮಯ ಕೊಡಬೇಕೋ ಬೇಡವೋ ಅನ್ನುವುದೇ ನನ್ನ ಪ್ರಶ್ನೆ.

ಮೇಲ್ನೋಟ:
ನಾನು ಉಪಗ್ರಹದ ಮಾಹಿತಿ ಇಟ್ಟುಕೊಂಡು ಕೆಲಸ ಮಾಡುವವನು. ನನ್ನ ಉತ್ತರ ನೇರವಾಗಿದೆ. ಕಾಡಿನಲ್ಲಿ ಒಟ್ಟು ಎಷ್ಟು ಇಂಗಾಲ ಇದೆ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಹೆಸರು ಬೇಕಾಗಿಲ್ಲ. 2018ರ ಕೊನೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಜೆಡಿ ಲೇಸರ್ ಉಪಕರಣ ಕಾಡಿನ ಎತ್ತರವನ್ನು, ಎಲೆಗಳ ಪದರಗಳನ್ನು ಮೇಲಿನಿಂದಲೇ ಅಳೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಯುರೋಪಿನ ಬಯೋಮಾಸ್ ಉಪಗ್ರಹವೂ ಹಾರಿದೆ. ಅದರ ರೇಡಾರ್ ಅಲೆಗಳು ಎಲೆಗಳನ್ನು ದಾಟಿ ಕಾಂಡ, ದೊಡ್ಡ ಕೊಂಬೆಗಳ ತನಕ ಹೋಗುತ್ತವೆ. ನೆಲದ ಮೇಲೆ ಒಂದು ತಂಡ ವರ್ಷವಿಡೀ ಓಡಾಡಿದರೂ ಕೆಲವೇ ಹೆಕ್ಟೇರ್. ನಮಗೆ ಇಡೀ ಖಂಡ ಸಿಗುತ್ತದೆ.

ವರ್ಗೀಕರಣ ಬೇಡ ಅಂತ ಹೇಳುತ್ತಿಲ್ಲ. ಎಲ್ಲ ಪ್ರಶ್ನೆಗೂ ಅದು ಬೇಕಿಲ್ಲ, ಅಷ್ಟೇ.

ಬೀಜಬಲೆ:
ಮೇಲ್ನೋಟ ಅವರೇ, ಒಂದು ವಿಷಯ ಕೇಳುತ್ತೇನೆ. ಲೇಸರ್ ಕೊಡುವುದು ಎತ್ತರ. ಎತ್ತರದಿಂದ ತೂಕಕ್ಕೆ ಹೇಗೆ ಬರುತ್ತೀರಿ? ನೆಲದ ಮೇಲಿನ ಪ್ಲಾಟ್‌ಗಳ, ಅಂದರೆ ಗುರುತು ಹಾಕಿ ಮರ ಅಳೆಯುವ ಕಾಡಿನ ತುಂಡುಗಳ, ಲೆಕ್ಕದ ಜೊತೆ ಹೊಂದಿಸಿ ತಾನೇ? ಆ ಲೆಕ್ಕ ಬರುವುದು ಎಲ್ಲಿಂದ ಅಂತ ನೋಡೋಣ.

ಉಷ್ಣವಲಯದ ಮರದ ತೂಕಕ್ಕೆ ಇವತ್ತು ಹೆಚ್ಚಾಗಿ ಬಳಸುವ ಸೂತ್ರ 2014ರಲ್ಲಿ ಜೆರೋಮ್ ಶಾವ್ ಮತ್ತು ಜೊತೆಗಾರರು ಕೊಟ್ಟದ್ದು. 58 ಜಾಗಗಳಲ್ಲಿ ಕಡಿದು ತೂಗಿದ 4,004 ಮರಗಳ ಮಾಹಿತಿಯಿಂದ ಅದನ್ನು ಕಟ್ಟಿದರು. ಅದರಲ್ಲಿ ಮೂರು ಅಂಶ ಇವೆ: ಕಾಂಡದ ವ್ಯಾಸ, ಎತ್ತರ, ಮರದ ದಿಮ್ಮಿಯ ಸಾಂದ್ರತೆ. ವ್ಯಾಸ, ಎತ್ತರವನ್ನು ಯಾರಾದರೂ ಅಳೆಯಬಹುದು. ಸಾಂದ್ರತೆ ಪ್ರಭೇದಕ್ಕೆ ತಕ್ಕಂತೆ ಬದಲಾಗುತ್ತದೆ. ಬಾಲ್ಸಾ ಮರದ ಒಂದು ಘನ ಸೆಂಟಿಮೀಟರ್ ತೂಕ ಸುಮಾರು 0.15 ಗ್ರಾಂ. ಇನ್ನು ಕೆಲವು ಗಟ್ಟಿ ಮರಗಳು 1 ಗ್ರಾಂ ದಾಟುತ್ತವೆ, ನೀರಿಗೆ ಹಾಕಿದರೆ ಮುಳುಗುತ್ತವೆ. ಅಷ್ಟೇ ದಪ್ಪ, ಅಷ್ಟೇ ಎತ್ತರದ ಎರಡು ಮರಗಳ ತೂಕ ಆರು ಪಟ್ಟು ಬೇರೆ ಇರಬಹುದು. ಹೆಸರು ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ಯಾವ ಸಂಖ್ಯೆ ಹಾಕುತ್ತೀರಿ?

ಮೇಲ್ನೋಟ:
ಪ್ರದೇಶದ ಸರಾಸರಿ ಸಾಂದ್ರತೆ ಹಾಕುತ್ತೇವೆ. ಸಾವಿರಾರು ಮರಗಳನ್ನು ಒಟ್ಟಿಗೆ ನೋಡುವಾಗ ಹೆಚ್ಚು ಕಡಿಮೆ ಎಲ್ಲ ಸರಿಹೋಗುತ್ತದೆ ಅಲ್ವಾ?

ಬೀಜಬಲೆ:
ಆ ಸರಾಸರಿಯೇ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಮೆಜಾನಿನ ಪಶ್ಚಿಮ ಭಾಗದಲ್ಲಿ ಮಣ್ಣು ಫಲವತ್ತು, ಮರಗಳು ಬೇಗ ಬೆಳೆದು ಬೇಗ ಸಾಯುತ್ತವೆ, ದಿಮ್ಮಿ ಹಗುರ. ಪೂರ್ವಕ್ಕೆ, ಗಯಾನಾ ಕಡೆಗೆ ಹೋದರೆ ಮಣ್ಣು ಹಳೆಯದು, ಮರಗಳು ನಿಧಾನ, ದಿಮ್ಮಿ ಭಾರ. ಇದು ಗೊತ್ತಾಗಿದ್ದೇ ಪ್ಲಾಟ್‌ಗಳಲ್ಲಿ ಕುಳಿತು ಒಂದೊಂದೇ ಮರವನ್ನು ಗುರುತಿಸಿದ್ದರಿಂದ.

ಇನ್ನೊಂದು ವಿಷಯ ನನಗೆ ಇನ್ನೂ ಮುಖ್ಯ. ಸರಾಸರಿ ಇವತ್ತಿನದು. ನಾಳೆ ಏನಾಗುತ್ತದೆ? ಬ್ರೆಜಿಲಿನ ಅಟ್ಲಾಂಟಿಕ್ ಕಾಡಿನ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿ ದೊಡ್ಡ ಬೀಜದ ಮರಗಳ ದಿಮ್ಮಿ ಸಾಮಾನ್ಯವಾಗಿ ಗಟ್ಟಿ. ಆ ಬೀಜಗಳನ್ನು ನುಂಗಿ ಒಯ್ಯಲು ದೊಡ್ಡ ಹಕ್ಕಿ, ದೊಡ್ಡ ಪ್ರಾಣಿ ಬೇಕು. ಬೇಟೆಯಿಂದ ಅವು ಹೋದರೆ ದೊಡ್ಡ ಬೀಜದ ಮರಗಳ ಜಾಗಕ್ಕೆ ಸಣ್ಣ ಬೀಜದ ಹಗುರ ಮರಗಳು ಬರುತ್ತವೆ. ಮೇಲಿನಿಂದ ನೋಡಿದರೆ ಕಾಡು ಹಸಿರಾಗಿಯೇ ಇರುತ್ತದೆ. ಒಳಗೆ ಇಂಗಾಲ ಸೋರುತ್ತಿರುತ್ತದೆ. ಯಾವ ಮರದ ಬೀಜ ದೊಡ್ಡದು, ಯಾವುದರ ಸಸಿ ಬರುತ್ತಿಲ್ಲ ಅನ್ನುವುದು ಹೆಸರಿಲ್ಲದೆ ಗೊತ್ತಾಗುವುದಿಲ್ಲ.

ಹೊಸಚಿಗುರು:
ಇದು ನನಗೆ ಹೊಳೆದೇ ಇರಲಿಲ್ಲ. ಪ್ಲಾಟ್ ಅಂದರೆ ಎಷ್ಟು ದೊಡ್ಡದು, ಅಲ್ಲಿ ನಿಜವಾಗಿ ಏನು ಮಾಡುತ್ತಾರೆ ಅಂತ ಸ್ವಲ್ಪ ಹೇಳುತ್ತೀರಾ?

ಬೀಜಬಲೆ:
ಎಲ್ಲದಕ್ಕೂ ಮಾದರಿ ಆಗಿದ್ದು ಪನಾಮಾದ ಬಾರೋ ಕೊಲೊರಾಡೊ ದ್ವೀಪ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲೂ ನೀರು ತುಂಬಿ, ಒಂದು ಗುಡ್ಡದ ಮೇಲ್ಭಾಗ ದ್ವೀಪವಾಗಿ ಉಳಿಯಿತು. 1980ರ ಸುಮಾರಿಗೆ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಅಲ್ಲಿ 50 ಹೆಕ್ಟೇರ್ ಪ್ಲಾಟ್ ಹಾಕಿದರು. ನಿಯಮ ಕಠಿಣ. ನೆಲದಿಂದ 1.3 ಮೀಟರ್ ಎತ್ತರದಲ್ಲಿ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದಪ್ಪ ಇರುವ ಪ್ರತಿ ಗಿಡಕ್ಕೂ ಲೋಹದ ಟ್ಯಾಗ್, ನಕ್ಷೆಯಲ್ಲಿ ಜಾಗ, ಒಂದು ಹೆಸರು. ಅಂದರೆ ಬೆರಳಿಗಿಂತ ಸಣ್ಣ ಗಿಡವನ್ನೂ ಬಿಡುವಂತಿಲ್ಲ. ಎರಡು ಲಕ್ಷಕ್ಕೂ ಜಾಸ್ತಿ ಗಿಡ, ಸುಮಾರು 300 ಪ್ರಭೇದ. ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುತ್ತಾರೆ. ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು, ಯಾವುದು ಎಷ್ಟು ದಪ್ಪ ಆಯಿತು ಅಂತ ಬರೆದಿಡುತ್ತಾರೆ.

ಮಲೇಷ್ಯಾದ ಲಂಬಿರ್ ಇನ್ನೂ ಕಷ್ಟ. 52 ಹೆಕ್ಟೇರ್‌ನಲ್ಲಿ 1,100ಕ್ಕೂ ಜಾಸ್ತಿ ಮರ ಪ್ರಭೇದ. ಪ್ಲಾಟ್‌ನಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ಅಳೆಯುವುದು ಕಷ್ಟ ಅಂತ ಯಾರೂ ಹೇಳುವುದಿಲ್ಲ. ಗುರುತಿಸುವುದೇ ಕಷ್ಟ.

ಒಣಎಲೆ:
ಈ ಮಾತಿಗಾಗಿಯೇ ಕಾಯುತ್ತಿದ್ದೆ. ನಾನು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯದಲ್ಲಿ, ಕೆಲಸ ಮಾಡುತ್ತೇನೆ. ಹೆಸರು ಬೇಕು ಅಂತ ಬೀಜಬಲೆ ಅವರು ಚೆನ್ನಾಗಿ ಹೇಳಿದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹೆಸರು ಇದ್ದರೆ ಸಾಲದು, ಅದು ಸರಿ ಇರಬೇಕು. ಉಷ್ಣವಲಯದಲ್ಲಿ ಎಷ್ಟೋ ಸಲ ಸರಿ ಇರುವುದಿಲ್ಲ.

2015ರಲ್ಲಿ ಆಕ್ಸ್‌ಫರ್ಡ್ ಮತ್ತು ಎಡಿನ್‌ಬರೋ ಸಂಶೋಧಕರು ಆಫ್ರಿಕಾದ ಶುಂಠಿ ಕುಟುಂಬದ ಅಫ್ರಮೋಮಮ್ ಎಂಬ ಕುಲವನ್ನು ಎತ್ತಿಕೊಂಡು ಸುಮಾರು 4,500 ಒಣ ಮಾದರಿಗಳ ಹೆಸರಿನ ಚರಿತ್ರೆ ನೋಡಿದರು. ಆ ಕುಲದ ಬಗ್ಗೆ ಪೂರ್ತಿ ಅಧ್ಯಯನ ಆಗುವ ಮುಂಚೆ ಅವುಗಳಲ್ಲಿ ಕನಿಷ್ಠ 58 ಶೇಕಡಾ ಮಾದರಿಗಳ ಮೇಲೆ ಸರಿಯಾದ ಹೆಸರೇ ಇರಲಿಲ್ಲ. ಕೆಲವಕ್ಕೆ ತಪ್ಪು ಹೆಸರು, ಕೆಲವಕ್ಕೆ ಹಳೆಯ ಹೆಸರು, ಕೆಲವಕ್ಕೆ ಕುಲದ ಹೆಸರು ಮಾತ್ರ. ಇವೆಲ್ಲ ಪ್ರಪಂಚದ ಒಳ್ಳೆಯ ಸಂಗ್ರಹಾಲಯಗಳಲ್ಲಿ ಇದ್ದ ಮಾದರಿಗಳು. ಇವುಗಳ ಹೆಸರು, ಜಾಗ ಆನ್‌ಲೈನ್ ಡೇಟಾಬೇಸ್‌ಗೆ ಹೋಗುತ್ತದೆ. ಅಲ್ಲಿಂದ ಯಾರೋ ಇಳಿಸಿಕೊಂಡು "ಈ ಪ್ರಭೇದ ಇಲ್ಲಿಂದ ಇಲ್ಲಿಯ ತನಕ ಹರಡಿದೆ, ಇಷ್ಟು ಬಿಸಿ ತಡೆಯುತ್ತದೆ" ಅಂತ ನಕ್ಷೆ ಮಾಡುತ್ತಾರೆ. ಇಬ್ಬರ ರಕ್ತ ಪರೀಕ್ಷೆಯ ವರದಿಯನ್ನು ಒಂದೇ ಹೆಸರಿನಲ್ಲಿ ಸೇರಿಸಿ ಔಷಧಿ ಬರೆದ ಹಾಗೆ.

ಅಮೆಜಾನಿನ ಕತೆ ಇನ್ನೂ ದೊಡ್ಡದು. 2013ರಲ್ಲಿ ಹಾನ್ಸ್ ಟೆರ್ ಸ್ಟೀಗೆ ಮತ್ತು ನೂರಕ್ಕೂ ಜಾಸ್ತಿ ಜನ ಸೇರಿ 1,170 ಪ್ಲಾಟ್‌ಗಳ ಲೆಕ್ಕ ಒಟ್ಟುಗೂಡಿಸಿದರು. ಅಂದಾಜು 39,000 ಕೋಟಿ ಮರ, ಸುಮಾರು 16,000 ಪ್ರಭೇದ. ಆಶ್ಚರ್ಯ ಏನೆಂದರೆ ಬರೀ 227 ಪ್ರಭೇದಗಳೇ ಅರ್ಧದಷ್ಟು ಮರಗಳು. ಬಹಳ ಒಳ್ಳೆಯ ಕೆಲಸ, ನನಗೆ ತುಂಬಾ ಇಷ್ಟ. ಆದರೆ ಇಲ್ಲಿಯ ತನಕ ಹೆಸರಿಟ್ಟು ದಾಖಲಾದ ಅಮೆಜಾನ್ ಮರಗಳು ಎಷ್ಟು? 2016ರ ಒಂದು ಪಟ್ಟಿ 11,676 ಅಂದಿತು. 2017ರಲ್ಲಿ ವರ್ಗೀಕರಣ ತಜ್ಞರು ಒಂದೊಂದು ಹೆಸರನ್ನೂ ಪರೀಕ್ಷಿಸಿ 6,727 ಅಂದರು. 2019ರಲ್ಲಿ ತಿದ್ದಿದ ಇನ್ನೊಂದು ಪಟ್ಟಿ 10,071 ಅಂದಿತು. ಅದೇ ಕಾಡು, ನಾಲ್ಕು ವರ್ಷದೊಳಗೆ ಮೂರು ಸಂಖ್ಯೆ. ಯಾವುದು ಅಮೆಜಾನಿನೊಳಗೆ ಸೇರುತ್ತದೆ, ಯಾವುದನ್ನು ಮರ ಅನ್ನಬೇಕು, ಯಾವ ದಾಖಲೆಯನ್ನು ನಂಬಬೇಕು ಅನ್ನುವುದರ ಮೇಲೆ ವ್ಯತ್ಯಾಸ ಬರುತ್ತದೆ. ಆ ಅರ್ಧ ಕಾಡನ್ನು ಆಳುವ ಪ್ರಭೇದಗಳೂ ಇದಕ್ಕೆ ಹೊರತಲ್ಲ. ಪ್ರೋಟಿಯಮ್ ಹೆಪ್ಟಾಫಿಲ್ಲಮ್ ಅಂತ ಒಂದೇ ಹೆಸರಿನಲ್ಲಿ ಎಣಿಸುತ್ತಿದ್ದ ಮರವನ್ನು ಡಿಎನ್‌ಎ, ಎಲೆಯ ರಚನೆ, ರಾಸಾಯನಿಕ ಎಲ್ಲ ಸೇರಿಸಿ ನೋಡಿದಾಗ ಹಲವು ಬೇರೆ ವಂಶಗಳು ಹೊರಬಂದವು.

ಮೇಲ್ನೋಟ:
6,727 ಮತ್ತು 11,676 ನಡುವೆ ಇಷ್ಟು ಅಂತರ ಇರುವುದು ನನ್ನಂಥವರಿಗೆ ಮುಖ್ಯ ಮಾಹಿತಿ. ಆದರೆ ಒಂದು ಪ್ರಶ್ನೆ. ತಪ್ಪುಗಳು ಇಷ್ಟು ದಿನ ಯಾಕೆ ಉಳಿಯುತ್ತವೆ? ತಜ್ಞರು ನೋಡಿ ಸರಿಪಡಿಸಬಹುದಲ್ಲ?

ಒಣಎಲೆ:
ತಜ್ಞರು ಕಡಿಮೆ, ಮಾದರಿಗಳು ಕೋಟಿಗಟ್ಟಲೆ. 2010ರ ಒಂದು ಲೆಕ್ಕದ ಪ್ರಕಾರ ಹೊಸ ಸಸ್ಯ ಪ್ರಭೇದಗಳಲ್ಲಿ 16 ಶೇಕಡಾ ಮಾತ್ರ ಕಾಡಿನಿಂದ ತಂದ ಐದು ವರ್ಷದೊಳಗೆ ಹೆಸರು ಪಡೆಯುತ್ತವೆ. ಸುಮಾರು ಕಾಲು ಭಾಗ ಹೊಸ ಪ್ರಭೇದಗಳ ವಿವರಣೆಯಲ್ಲಿ 50 ವರ್ಷಕ್ಕಿಂತ ಹಳೆಯ ಮಾದರಿಗಳು ಸೇರಿವೆ. ಅಂದರೆ ಹೊಸ ಪ್ರಭೇದ ಎಷ್ಟೋ ಸಲ ಕಪಾಟಿನಲ್ಲೇ ಕಾಯುತ್ತಿರುತ್ತದೆ.

ನನಗೆ ತುಂಬಾ ಹಿಡಿಸುವ ಉದಾಹರಣೆ ಒಂದು ಇದೆ. ಬಾರೋ ಕೊಲೊರಾಡೊ ಪ್ಲಾಟ್ ಹಾಕಿದ ರಾಬಿನ್ ಫಾಸ್ಟರ್ ಅದಕ್ಕೂ ಮುಂಚೆ, 1973ರಲ್ಲಿ, ಪೆರು ದೇಶದ ಮನು ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಸಣ್ಣ ಮರದ ಕೊಂಬೆ ತಂದರು. ಕಿತ್ತಳೆ ಬಣ್ಣದ, ಕಾಗದದಂತೆ ತೆಳುವಾದ ಹಣ್ಣು. ಪ್ರಭೇದ ಬಿಡಿ, ಕುಟುಂಬ ಯಾವುದು ಅಂತ ಕೂಡ ಯಾರಿಗೂ ಗೊತ್ತಾಗಲಿಲ್ಲ. ಉಷ್ಣವಲಯದ ಗಿಡಗಳನ್ನು ಅರೆದು ಕುಡಿದವರೇ ನೋಡಿದರು, ಆಗಲಿಲ್ಲ. ಹಳೆಯ ಒಣ ಮಾದರಿಯಿಂದ ಡಿಎನ್‌ಎ ತೆಗೆಯಲು ನೋಡಿದರು, ಅದೂ ಸರಿಯಾಗಿ ಬರಲಿಲ್ಲ. ಕೊನೆಗೆ ಮನುವಿನಲ್ಲೇ ಕೆಲಸ ಮಾಡುತ್ತಿದ್ದ ಪಟ್ರೀಶಿಯಾ ಆಲ್ವಾರೆಸ್ ಲೋಸಾ ಹೊಸ ಎಲೆಗಳನ್ನು ಹುಡುಕಿ ತಂದುಕೊಟ್ಟರು. ಅದು ಪಿಕ್ರಾಮ್ನಿಯೇಸಿ ಎಂಬ ಚಿಕ್ಕ ಕುಟುಂಬದ್ದು ಅಂತ ತಿಳಿಯಿತು. 2021ರಲ್ಲಿ ಐನಿಗ್ಮನು ಆಲ್ವಾರೆಸಿಯೇ ಅಂತ ಹೊಸ ಕುಲ, ಹೊಸ ಪ್ರಭೇದ ಪ್ರಕಟವಾಯಿತು. ಹೆಚ್ಚು ಕಡಿಮೆ ಅರ್ಧ ಶತಮಾನ. ಆ ಒಣ ಕೊಂಬೆಯನ್ನು ಯಾರೂ ಎಸೆಯಲಿಲ್ಲ, ಅದಕ್ಕೇ ಇದು ಸಾಧ್ಯವಾಯಿತು.

ಜೀನ್‌ಸಾಲು:
ಡಿಎನ್‌ಎ ಮಾತು ಬಂದಿದ್ದಕ್ಕೆ ನಾನೂ ಸೇರಿಕೊಳ್ಳುತ್ತೇನೆ. ಡಿಎನ್‌ಎಯ ಸಣ್ಣ ತುಣುಕು ಓದಿ ಪ್ರಭೇದ ಗುರುತಿಸುವುದಕ್ಕೆ ಬಾರ್‌ಕೋಡ್ ಅಂತಾರೆ. "ಇನ್ನು ಬಾರ್‌ಕೋಡ್ ಬಂದಿದೆ, ಗಿಡ ಗುರುತಿಸುವ ಜನ ಬೇಕಾಗಿಲ್ಲ" ಅಂತ ಸುಮ್ನೆ ಹೇಳುವವರಿದ್ದಾರೆ. ಅದೇ ಕೆಲಸ ಮಾಡುವ ನನಗೆ ಹಾಗೆ ಅನ್ನಿಸಿಲ್ಲ.

2009ರಲ್ಲಿ ಬಾರೋ ಕೊಲೊರಾಡೊ ಪ್ಲಾಟ್‌ನ 296 ಪ್ರಭೇದಗಳಿಗೆ ಮೂರು ಡಿಎನ್‌ಎ ತುಣುಕುಗಳ ಬಾರ್‌ಕೋಡ್ ಮಾಡಿದರು. 98 ಶೇಕಡಾಗಿಂತ ಜಾಸ್ತಿ ಸರಿಯಾಗಿ ಗುರುತಿಸಲು ಆಯಿತು. ದೊಡ್ಡ ಯಶಸ್ಸು. ಯಾಕೆ ಆಯಿತು? ಆ ಪ್ಲಾಟ್‌ನ ಪ್ರತಿ ಪ್ರಭೇದವನ್ನೂ ಮೊದಲೇ ಸಸ್ಯಶಾಸ್ತ್ರಜ್ಞರು ಗುರುತಿಸಿಟ್ಟಿದ್ದರು. ಹೋಲಿಸಲು ಸರಿಯಾದ ಮಾದರಿ ಇಲ್ಲದಿದ್ದರೆ ನನ್ನ ಯಂತ್ರ ಕೊಡುವುದು ಅಕ್ಷರಗಳ ಒಂದು ಸಾಲು, ಅಷ್ಟೇ. ಅಲ್ಲೂ ಇಂಗಾ, ಪೈಪರ್, ಫೈಕಸ್‌ನಂಥ ಕುಲಗಳು ತೊಂದರೆ ಕೊಟ್ಟವು. ಇಂಗಾದಲ್ಲಿ ಸುಮಾರು 300 ಪ್ರಭೇದ. ಅವು ಭೂಮಿಯ ಲೆಕ್ಕದಲ್ಲಿ ಇತ್ತೀಚೆಗೆ, ಬೇಗ ಬೇಗ ಒಡೆದವು. ಡಿಎನ್‌ಎ ತುಣುಕಿನಲ್ಲಿ ವ್ಯತ್ಯಾಸ ಕೂಡಲು ಸಮಯವೇ ಸಿಕ್ಕಿಲ್ಲ.

ಆದರೆ ಬೇರು, ಹುಳುವಿನ ಹೊಟ್ಟೆಯಲ್ಲಿನ ಎಲೆ, ಇನ್ನೂ ಎಲೆಯೇ ಸರಿಯಾಗಿ ಬಿಡದ ಮೊಳಕೆ ಇಂಥವನ್ನು ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ. ಅಲ್ಲಿ ಡಿಎನ್‌ಎ ಬಿಟ್ಟರೆ ದಾರಿ ಇಲ್ಲ.

ಹೊಸಚಿಗುರು:
ಇನ್ನೊಂದು ವಿಷಯ ಕಾಡುತ್ತಿದೆ. ಹೆಸರುಗಳೇ ಬದಲಾಗುತ್ತಿರುತ್ತವೆ. ಅಕೇಶಿಯಾ ಅಂತ ಕಲಿತದ್ದು ಈಗ ವಾಚೆಲಿಯಾ ಅಂತಾರೆ. ಬೂರುಗದ ಮರಕ್ಕೆ ಬೊಂಬಾಕೇಸಿ ಅಂತ ಬೇರೆ ಕುಟುಂಬ ಇತ್ತು, ಈಗ ದಾಸವಾಳದ ಕುಟುಂಬಕ್ಕೆ ಸೇರಿದೆಯಂತೆ. ಹೀಗೆ ಬದಲಾದರೆ ಪ್ಲಾಟ್‌ನ ಹಳೆಯ ಲೆಕ್ಕ ಏನಾಗಬೇಕು?

ಒಣಎಲೆ:
ಕೋಪ ಬರುವುದು ಸಹಜ. ಆದರೆ ಬದಲಾವಣೆಗೆ ಕಾರಣ ಇದೆ. 1998ರಿಂದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ಅನ್ನುವ ಸಸ್ಯಶಾಸ್ತ್ರಜ್ಞರ ಗುಂಪು ಡಿಎನ್‌ಎ ಆಧಾರದ ಮೇಲೆ ಹೂಬಿಡುವ ಸಸ್ಯಗಳ ವರ್ಗೀಕರಣ ಪ್ರಕಟಿಸುತ್ತಿದೆ. 2016ರ ನಾಲ್ಕನೇ ಆವೃತ್ತಿಯಲ್ಲಿ 416 ಕುಟುಂಬ. ನಿಯಮ ಸರಳ: ಒಂದು ಕುಟುಂಬ ಅಂದರೆ ಒಂದೇ ಪೂರ್ವಜನಿಂದ ಬಂದ ಎಲ್ಲರೂ ಅದರಲ್ಲಿ ಇರಬೇಕು. ಕೆಲವು ಹಳೆಯ ಗುಂಪುಗಳು ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ತೇಗ ಕೂಡ ಹೀಗೆಯೇ ತುಳಸಿಯ ಕುಟುಂಬಕ್ಕೆ ಬಂತು. ಅಕೇಶಿಯಾದ್ದು ಬೇರೆ ಕತೆ. ಕುಲ ಒಡೆದಾಗ ಹಳೆಯ ಹೆಸರು ಯಾವ ಭಾಗಕ್ಕೆ ಉಳಿಯಬೇಕು ಅಂತ ದೊಡ್ಡ ಜಗಳವೇ ಆಯಿತು. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರಜ್ಞರ ಸಮ್ಮೇಳನದಲ್ಲಿ ಆ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಹೋಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲೂ ಅದೇ ಗಟ್ಟಿಯಾಯಿತು.

ಇದರಿಂದ ಕಾಡಿನ ಅಧ್ಯಯನಕ್ಕೆ ಲಾಭ ಇದೆ. ಕ್ಯಾಂಬೆಲ್ ವೆಬ್ 2000ದಲ್ಲಿ ಬೋರ್ನಿಯೋದ ಕಾಡಿನಲ್ಲಿ ಸಣ್ಣ ಸಣ್ಣ ಪ್ಲಾಟ್‌ಗಳನ್ನು ನೋಡಿದರು. ಒಟ್ಟಿಗೆ ಬೆಳೆಯುವ ಮರಗಳು ಬರೀ ಅದೃಷ್ಟದಿಂದ ಸೇರಿದ್ದರೆ ಇರಬೇಕಾದದ್ದಕ್ಕಿಂತ ಹತ್ತಿರದ ಸಂಬಂಧಿಗಳಾಗಿದ್ದವು. ಇಂಥ ಪ್ರಶ್ನೆ ಕೇಳಲು ಸಂಬಂಧ ಸರಿಯಾಗಿ ಗೊತ್ತಿರಬೇಕು. ಹಳೆಯ ಲೆಕ್ಕ ಹಾಳಾಗುವುದಿಲ್ಲ. ಪ್ಲಾಟ್‌ನ ಮರಕ್ಕೆ ಹೊಂದುವ ಒಣ ಮಾದರಿ ಹರ್ಬೇರಿಯಂನಲ್ಲಿ ಇದ್ದರೆ ಹೆಸರು ಎಷ್ಟು ಸಲ ಬದಲಾದರೂ ತಿದ್ದಬಹುದು. ಮಾದರಿ ಇಲ್ಲದಿದ್ದರೆ ಮಾತ್ರ ಆ ಹೆಸರನ್ನು ನಂಬಬೇಕು ಅಷ್ಟೇ, ಪರೀಕ್ಷಿಸಲು ದಾರಿ ಇಲ್ಲ.

ಬೀಜಬಲೆ:
ಇಷ್ಟೆಲ್ಲ ಮಾತಾಡಿದ ಮೇಲೆ ನನ್ನ ಇಷ್ಟದ ವಿಷಯ ಹೇಳದೆ ಇರಲಾರೆ. ಮಳೆಕಾಡಿನಲ್ಲಿ ಇಷ್ಟೊಂದು ಪ್ರಭೇದ ಒಟ್ಟಿಗೆ ಹೇಗೆ ಬದುಕುತ್ತವೆ? ಒಂದೇ ಪ್ರಭೇದ ಗೆದ್ದು ಎಲ್ಲ ಜಾಗ ಯಾಕೆ ಹಿಡಿಯುವುದಿಲ್ಲ?

ಡೇನಿಯಲ್ ಜಾನ್ಸೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಾಯಿ ಮರದ ಕೆಳಗೆ ಬೀಜ ರಾಶಿ ಬೀಳುತ್ತದೆ. ಆ ಪ್ರಭೇದವನ್ನೇ ತಿನ್ನುವ ಹುಳು, ಶಿಲೀಂಧ್ರ ಕೂಡ ಅಲ್ಲೇ ಜಾಸ್ತಿ. ಹಾಗಾಗಿ ತನ್ನವರ ಗುಂಪಿನಲ್ಲಿ ಹುಟ್ಟಿದ ಸಸಿ ಸಾಯುತ್ತದೆ, ದೂರ ಹೋದದ್ದು ಉಳಿಯುತ್ತದೆ. ತಾಯಿಯ ಪಕ್ಕದ ಜಾಗ ಬೇರೆ ಪ್ರಭೇದಕ್ಕೆ ಸಿಗುತ್ತದೆ.

ಇದನ್ನು ಪರೀಕ್ಷಿಸಲು ಬಾರೋ ಕೊಲೊರಾಡೊದಲ್ಲಿ 200 ಬೀಜ ಬಲೆಗಳನ್ನು ಕಟ್ಟಿದರು. ಬಿದ್ದ ಪ್ರತಿ ಬೀಜ, ಪಕ್ಕದ ನೆಲದಲ್ಲಿ ಮೊಳೆತ ಪ್ರತಿ ಸಸಿ ಎಣಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲೆಕ್ಕ ಹಾಕಲು ಸಾಧ್ಯವಾದ 53 ಪ್ರಭೇದಗಳಲ್ಲೂ ಒಂದೇ ಚಿತ್ರ: ಬೀಜ ಜಾಸ್ತಿ ಬಿದ್ದಲ್ಲಿ ಉಳಿಯುವ ಪಾಲು ಕಡಿಮೆ. ಆಮೇಲೆ ಬೆಲೀಜ್‌ನಲ್ಲಿ ಶಿಲೀಂಧ್ರನಾಶಕ ಸಿಂಪಡಿಸಿ ನೋಡಿದರು, 2014ರಲ್ಲಿ ಅದು ಪ್ರಕಟವಾಯಿತು. ಶಿಲೀಂಧ್ರ ತೆಗೆದ ಕಡೆ ಸಸಿಗಳ ವೈವಿಧ್ಯ ಇಳಿಯಿತು. ಕಣ್ಣಿಗೆ ಕಾಣದ ರೋಗವೇ ಕಾಡಿನ ವೈವಿಧ್ಯವನ್ನು ಹಿಡಿದಿಟ್ಟಿದೆ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ.

ಈಗ ಯೋಚಿಸಿ. ಇಲ್ಲಿ ಗುರುತಿಸಬೇಕಾದದ್ದು ಹೂಬಿಟ್ಟ ಮರವನ್ನಲ್ಲ. ಎರಡು ಎಲೆಯ ಸಸಿಯನ್ನು. ಸಸಿಯ ಎಲೆ ಎಷ್ಟೋ ಸಲ ತಾಯಿ ಮರದ ಎಲೆಯ ಹಾಗೆ ಇರುವುದೇ ಇಲ್ಲ. ಎರಡು ಪ್ರಭೇದಗಳನ್ನು ಒಂದೇ ಹೆಸರಿನಲ್ಲಿ ಎಣಿಸಿದರೆ "ತನ್ನವರು" ಯಾರು ಅನ್ನುವುದೇ ತಪ್ಪಾಗುತ್ತದೆ. ಇಡೀ ಲೆಕ್ಕ ಕುಸಿಯುತ್ತದೆ. ಹೊಸಚಿಗುರು ಅವರೇ, ನಿಮಗೆ ಎರಡು ಲೋಕ ಅನ್ನಿಸಿದ್ದು ಇಲ್ಲಿ ಒಂದೇ ಕೆಲಸ.

ಮೇಲ್ನೋಟ:
ಒಪ್ಪುತ್ತೇನೆ. ಒಟ್ಟು ಇಂಗಾಲದ ನಕ್ಷೆಗೆ ನನ್ನ ಮಾತು ಈಗಲೂ ನಿಲ್ಲುತ್ತದೆ. ಕಾಡು ಯಾಕೆ ಹಾಗಿದೆ, ಮುಂದೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಮೇಲಿನಿಂದ ಉತ್ತರ ಸಿಗುವುದಿಲ್ಲ.

ಹೊಸಚಿಗುರು:
ಹಾಗಾದರೆ ಕಲಿಯುವುದು ಎಲ್ಲಿಂದ? ಕಾಡಿನಲ್ಲಿ ಹೂವೇ ಸಿಗುವುದಿಲ್ಲ ಅಂತಾರೆ. ಪುಸ್ತಕದ ತುಂಬಾ ಹೂವಿನ ವಿವರ.

ತೊಗಟೆ:
ನಿಜ, ಹೂ ಸಿಗುವುದು ಅಪರೂಪ. ಆಗ್ನೇಯ ಏಷ್ಯಾದ ಡಿಪ್ಟೆರೋಕಾರ್ಪ್ ಮರಗಳು ಎರಡರಿಂದ ಹತ್ತು ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಹೂ ಬಿಡುತ್ತವೆ. ಅದಕ್ಕೆ ಕಾಯುತ್ತಾ ಕೂರಲು ಆಗುತ್ತದೆಯೇ? ಹೂವಿಲ್ಲದೆ ಗುರುತಿಸುವುದನ್ನು ಕಲಿಯಿರಿ. ಆಲ್ವಿನ್ ಜೆಂಟ್ರಿ ಈ ಕಲೆಯಲ್ಲಿ ಎಲ್ಲರಿಗೂ ಗುರು. ಬರೀ ಎಲೆ, ತೊಗಟೆ ನೋಡಿ ಕುಟುಂಬ ಹೇಳುತ್ತಿದ್ದರು. 0.1 ಹೆಕ್ಟೇರ್ ಪಟ್ಟಿಗಳಲ್ಲಿ ಪ್ರಪಂಚದ ಎಷ್ಟೋ ಕಾಡುಗಳನ್ನು ಅಳೆದರು. 1993ರಲ್ಲಿ ಎಕ್ವಡಾರ್‌ನಲ್ಲಿ ಸಮೀಕ್ಷೆ ಮಾಡುವಾಗ ವಿಮಾನ ಬಿದ್ದು ತೀರಿಕೊಂಡರು.

ಮೊದಲು ಪ್ರಭೇದದ ಗೋಜಿಗೆ ಹೋಗಬೇಡಿ. ಕುಟುಂಬ ಕಲಿಯಿರಿ. ಎಲೆಗಳು ಎದುರುಬದುರು ಇವೆಯೋ, ಒಂದಾದ ಮೇಲೊಂದು ಇವೆಯೋ ನೋಡಿ. ಎದುರುಬದುರು ಇದ್ದು, ಅಂಚು ನಯವಾಗಿದ್ದು, ಎರಡು ತೊಟ್ಟುಗಳ ನಡುವೆ ಚಿಕ್ಕ ಕಾವಿನೆಲೆ (ತೊಟ್ಟಿನ ಬುಡದ ಪುಟ್ಟ ಎಲೆಯಂಥ ಭಾಗ) ಇದ್ದರೆ ಅದು ಬಹುತೇಕ ಕಾಫಿಯ ಕುಟುಂಬ. ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂಥ ಚುಕ್ಕೆ ಕಂಡು, ಎಲೆಗಳು ಎದುರುಬದುರು ಇದ್ದು, ಅಂಚಿನ ಗುಂಟ ಒಂದು ನರ ಓಡಿದ್ದರೆ ನೇರಳೆಯ ಕುಟುಂಬ ಇರಬಹುದು. ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಬಿಳಿ ಹಾಲು ಬಂದು, ಕೊಂಬೆಯ ತುದಿಯಲ್ಲಿ ಮೊಗ್ಗನ್ನು ಮುಚ್ಚಿದ ಕಾವಿನೆಲೆ ಇದ್ದರೆ ಆಲ, ಹಲಸಿನ ಕಡೆಯದು. ರಕ್ತದಂಥ ಕೆಂಪು ರಸ ಬಂದರೆ ಜಾಯಿಕಾಯಿಯ ಕುಟುಂಬ ನೆನಪಿಸಿಕೊಳ್ಳಿ. ಹಳದಿ ಸೊನೆ ಬಂದು ಎಲೆಗಳು ಎದುರುಬದುರು ಇದ್ದರೆ ಮುರುಗಲಿನ ಕುಟುಂಬ. ಮೂಸಿ ನೋಡುವುದನ್ನು ಮರೆಯಬೇಡಿ. ದಾಲ್ಚಿನ್ನಿಯ ಕುಟುಂಬ ಎಷ್ಟೋ ಸಲ ವಾಸನೆಯಿಂದಲೇ ಸಿಕ್ಕಿಬೀಳುತ್ತದೆ. ಕಾಡಿನ ಪಕ್ಕದಲ್ಲೇ ಬೆಳೆದ ಕ್ಷೇತ್ರ ಸಹಾಯಕರ ಜೊತೆ ನಡೆಯಿರಿ. ಅವರ ಕಣ್ಣು ಪುಸ್ತಕಕ್ಕಿಂತ ಮುಂದೆ ಇರುತ್ತದೆ. ಅವರ ಹೆಸರನ್ನು ನಿಮ್ಮ ಪ್ರಬಂಧದಲ್ಲಿ ಗೌರವದಿಂದ ಬರೆಯಿರಿ.

ಒಣಎಲೆ:
ತೊಗಟೆ ಅವರು ಹೇಳಿದ ಗುಣಗಳಲ್ಲಿ ಅರ್ಧ ಒಣಗಿದ ಮೇಲೆ ಉಳಿಯುವುದಿಲ್ಲ. ಸೊನೆಯ ಬಣ್ಣ, ವಾಸನೆ, ಹಣ್ಣಿನ ಬಣ್ಣ ಎಲ್ಲ ಹೋಗುತ್ತವೆ. ಅವನ್ನು ಮರದ ಬುಡದಲ್ಲೇ ನಿಂತು ಬರೆಯಿರಿ, ಸಂಜೆಗೆ ಅಂತ ಇಟ್ಟುಕೊಳ್ಳಬೇಡಿ. ಮಳೆಯಲ್ಲಿ ಒಣಗಿಸಲು ಆಗದಿದ್ದರೆ ಕಾಗದದಲ್ಲಿ ಸುತ್ತಿ ಆಲ್ಕೋಹಾಲ್ ಹಾಕಿದ ಚೀಲದಲ್ಲಿ ಇಡಿ, ಎಲೆ ಕೊಳೆಯುವುದಿಲ್ಲ. ಆದರೆ ಡಿಎನ್‌ಎ ಹಾಳಾಗುತ್ತದೆ. ಅದಕ್ಕೇ ಒಂದೆರಡು ಎಲೆ ತುಂಡನ್ನು ಮೊದಲೇ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಬೇರೆ ಇಟ್ಟುಬಿಡಿ, ಜೀನ್‌ಸಾಲು ಅವರಿಗೆ ಬೇಕಾಗುತ್ತದೆ. ಒಂದೇ ಮರದಿಂದ ಎರಡು ಮೂರು ಪ್ರತಿ ತೆಗೆದು ಬೇರೆ ಬೇರೆ ಹರ್ಬೇರಿಯಂಗೆ ಕೊಡಿ. ಲೇಬಲ್ ಮೇಲೆ ಜಾಗ, ದಿನಾಂಕ, ಎತ್ತರದ ಜೊತೆ ಪ್ಲಾಟ್‌ನ ಟ್ಯಾಗ್ ಸಂಖ್ಯೆಯನ್ನೂ ತಪ್ಪದೆ ಬರೆಯಿರಿ. ನಮ್ಮ ಕೈಗೆ ಬರುವ ಪ್ಲಾಟ್ ಮಾದರಿಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗಿರುವುದು ಆ ಸಂಖ್ಯೆಯೇ.